ಹೂಡಿಕೆಗೆಂದು ಕೊಂಡ ಮನೆ: ಬದಲಾದ ತೆರಿಗೆ ನಿಯಮಗಳಿಗೆ ನಿಮ್ಮ ಲೆಕ್ಕವನ್ನು ಹೊಂದಿಸಿಕೊಳ್ಳುವುದು ಹೇಗೆ

ಬಾಡಿಗೆಗೆ ಕೊಡಲೆಂದೋ, ಕೆಲವು ವರ್ಷ ಇಟ್ಟುಕೊಂಡು ಮಾರಲೆಂದೋ ಎರಡನೆಯ ಮನೆ ಕೊಂಡವರ ತೆರಿಗೆ ಲೆಕ್ಕ 2017ರಿಂದ ಈಚೆಗೆ ಹಲವು ಬಾರಿ ಬದಲಾಗಿದೆ. ಈ ಬದಲಾವಣೆಗಳಲ್ಲಿ ಹೆಚ್ಚಿನವು ಒಂದು ನಿರ್ದಿಷ್ಟ ತಾರೀಖಿನಿಂದ ಮುಂದಕ್ಕೆ ಅನ್ವಯವಾಗುವಂಥವು. ಹೀಗಾಗಿ ಒಂದೇ ಅಪಾರ್ಟ್‌ಮೆಂಟಿನ ಅಕ್ಕಪಕ್ಕದ ಎರಡು ಫ್ಲ್ಯಾಟುಗಳನ್ನು ಒಂದೇ ದಿನ, ಒಂದೇ ಬೆಲೆಗೆ ಮಾರಿದರೂ ಇಬ್ಬರು ಮಾಲೀಕರು ಕಟ್ಟುವ ತೆರಿಗೆಯಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ ಬರಬಹುದು. ‘ಈಗ ತೆರಿಗೆ ದರ ಎಷ್ಟು’ ಎಂದು ಕೇಳುವುದಕ್ಕಿಂತ ‘ನನ್ನ ಆಸ್ತಿಗೆ ಯಾವ ತಾರೀಖಿನ ನಿಯಮ ತಗಲುತ್ತದೆ’ ಎಂದು ಕೇಳಿಕೊಳ್ಳುವವರಿಗೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರೊಂದಿಗೆ ಸೆಕ್ಷನ್‌ಗಳ ಸಂಖ್ಯೆಗಳು ಬದಲಾಗಿವೆ. ಆದರೆ ಆಡಿಟರುಗಳ ಬಾಯಲ್ಲಿ ಇನ್ನೂ 1961ರ ಕಾಯ್ದೆಯ ಸಂಖ್ಯೆಗಳೇ ಇರುವುದರಿಂದ ಇಲ್ಲಿಯೂ ಅವನ್ನೇ ಬಳಸಿದ್ದೇನೆ. ಉದಾಹರಣೆಗಳೆಲ್ಲ 2025-26ನೇ ಹಣಕಾಸು ವರ್ಷದ ವ್ಯವಹಾರಗಳಿಗೆ ಸಂಬಂಧಿಸಿದವು. ಬೇರೆ ಹೇಳದಿದ್ದಲ್ಲಿ ಶೇ. 4ರ ಸೆಸ್ ಮತ್ತು ದೊಡ್ಡ ಆದಾಯಕ್ಕೆ ಬೀಳುವ ಸರ್ಚಾರ್ಜನ್ನು ಲೆಕ್ಕ ಸರಳವಾಗಿರಲೆಂದು ಸೇರಿಸಿಲ್ಲ.

ಮೊದಲು ತಾರೀಖುಗಳನ್ನು ಬರೆದುಕೊಳ್ಳಿ

ಪ್ರತಿ ಆಸ್ತಿಗೂ ಒಂದು ಹಾಳೆ ತೆಗೆದುಕೊಂಡು ಅದರಲ್ಲಿ ಹಂಚಿಕೆ ಪತ್ರದ (ಫ್ಲ್ಯಾಟು ನಿಮಗೆ ಹಂಚಿಕೆಯಾಯಿತೆಂದು ಬಿಲ್ಡರ್ ಕೊಡುವ ಪತ್ರ) ತಾರೀಖು, ಕ್ರಯಪತ್ರ ನೋಂದಣಿಯಾದ ತಾರೀಖು, ಸ್ವಾಧೀನಕ್ಕೆ ಬಂದ ತಾರೀಖು, ಸಾಲ ಮಂಜೂರಾದ ಮತ್ತು ತೀರಿದ ತಾರೀಖು, ಮೊದಲ ಬಾಡಿಗೆ ಕರಾರಿನ ತಾರೀಖು ಇಷ್ಟನ್ನು ಬರೆದಿಡಿ. ಕಟ್ಟಡ ಮುಗಿಯುವ ಮುನ್ನವೇ ಬುಕ್ ಮಾಡಿದ ಫ್ಲ್ಯಾಟುಗಳ ವಿಷಯದಲ್ಲಿ ಹಂಚಿಕೆ ಪತ್ರಕ್ಕೆ ವಿಶೇಷ ಬೆಲೆಯಿದೆ. ಮಾಲೀಕತ್ವದ ಅವಧಿಯನ್ನು ನೋಂದಣಿಯ ದಿನದಿಂದಲ್ಲ, ಹಂಚಿಕೆಯ ದಿನದಿಂದ ಎಣಿಸಬೇಕೆಂಬ ವಾದವನ್ನು ತೆರಿಗೆ ನ್ಯಾಯಮಂಡಳಿಗಳು ಹಲವು ಪ್ರಕರಣಗಳಲ್ಲಿ ಒಪ್ಪಿವೆ. ಆ ಪತ್ರ ಕಳೆದುಹೋಗಿದ್ದರೆ ವಾದಕ್ಕೆ ಆಧಾರವೇ ಇರುವುದಿಲ್ಲ.

ಅವಧಿ ಮುಖ್ಯವಾಗುವುದು ಯಾಕೆಂದರೆ 24 ತಿಂಗಳಿಗಿಂತ ಹೆಚ್ಚು ಕಾಲ ಕೈಯಲ್ಲಿದ್ದ ಮನೆಯ ಮಾರಾಟದ ಲಾಭ ಮಾತ್ರ ದೀರ್ಘಾವಧಿ ಬಂಡವಾಳ ಲಾಭವೆನಿಸುತ್ತದೆ. 2017ರ ಏಪ್ರಿಲ್‌ಗಿಂತ ಮೊದಲು ಈ ಅವಧಿ 36 ತಿಂಗಳಿತ್ತು. 24 ತಿಂಗಳು ತುಂಬುವ ಮೊದಲೇ ಮಾರಿದರೆ ಲಾಭವು ಸಂಬಳದಂತೆಯೇ ಸ್ಲ್ಯಾಬ್ ದರಕ್ಕೆ ಒಳಪಡುತ್ತದೆ. ಶೇ. 30ರ ಸ್ಲ್ಯಾಬಿನಲ್ಲಿರುವವರು 23ನೇ ತಿಂಗಳಿನಲ್ಲಿ ಕ್ರಯಪತ್ರಕ್ಕೆ ಸಹಿ ಹಾಕುವುದು ದುಬಾರಿ ಆತುರ.

ಮಾರುವಾಗ: ಎರಡು ಲೆಕ್ಕ, ಕಡಿಮೆ ಬಂದದ್ದೇ ತೆರಿಗೆ

2024ರ ಜುಲೈ 23ರಂದು ನಿರ್ಮಲಾ ಸೀತಾರಾಮನ್ ಮಂಡಿಸಿದ ಬಜೆಟ್ ಮನೆ ಮಾರುವವರ ಲೆಕ್ಕವನ್ನು ತಲೆಕೆಳಗು ಮಾಡಿತು. ಅಲ್ಲಿಯವರೆಗೆ ಕೊಂಡ ಬೆಲೆಯನ್ನು, ಬೆಲೆಯೇರಿಕೆಗೆ ತಕ್ಕಂತೆ ಸರ್ಕಾರ ಪ್ರತಿ ವರ್ಷ ಪ್ರಕಟಿಸುವ ಹಣದುಬ್ಬರ ಸೂಚ್ಯಂಕದಿಂದ ಹಿಗ್ಗಿಸಿ, ಉಳಿದ ಲಾಭಕ್ಕೆ ಶೇ. 20 ತೆರಿಗೆ ಕಟ್ಟುವ ಪದ್ಧತಿಯಿತ್ತು. ಆ ದಿನದಿಂದ ಸೂಚ್ಯಂಕದ ಸೌಲಭ್ಯ ಹೋಗಿ, ಪೂರ್ತಿ ಲಾಭಕ್ಕೆ ಶೇ. 12.5 ಎಂಬ ಹೊಸ ದರ ಬಂತು. ವಿರೋಧ ಎದ್ದ ಮೇಲೆ ಆಗಸ್ಟ್ ಮೊದಲ ವಾರದಲ್ಲಿ ಸರ್ಕಾರ ತಿದ್ದುಪಡಿ ತಂದು, 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಜಮೀನು ಮತ್ತು ಕಟ್ಟಡಗಳಿಗೆ ಒಂದು ರಕ್ಷಣೆ ಕೊಟ್ಟಿತು. ಅದರಂತೆ ಹೊಸ ಲೆಕ್ಕದ ತೆರಿಗೆ ಹಳೆಯ ಲೆಕ್ಕದ ತೆರಿಗೆಗಿಂತ ಹೆಚ್ಚಾದರೆ ಹೆಚ್ಚಾದ ಭಾಗವನ್ನು ಬಿಟ್ಟುಬಿಡಲಾಗುತ್ತದೆ. ಈ ರಕ್ಷಣೆ ಇರುವುದು ಭಾರತದ ನಿವಾಸಿಗಳಾದ ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಮಾತ್ರ. ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಮನೆ ಕೊಂಡವರಿಗೂ, ಅನಿವಾಸಿಗಳಿಗೂ ಇದು ಇಲ್ಲ.

2012-13ರಲ್ಲಿ 40 ಲಕ್ಷಕ್ಕೆ ಕೊಂಡ ಫ್ಲ್ಯಾಟನ್ನು 2025-26ರಲ್ಲಿ ಒಂದು ಕೋಟಿಗೆ ಮಾರಿದರೆಂದು ಇಟ್ಟುಕೊಳ್ಳಿ. ಕೊಂಡ ವರ್ಷದ ಸೂಚ್ಯಂಕ 200, ಮಾರಿದ ವರ್ಷದ್ದು 376. ಹಳೆಯ ಲೆಕ್ಕದಲ್ಲಿ 40 ಲಕ್ಷವು 75.2 ಲಕ್ಷವಾಗಿ ಹಿಗ್ಗುತ್ತದೆ, ಲಾಭ 24.8 ಲಕ್ಷ, ತೆರಿಗೆ 4.96 ಲಕ್ಷ. ಹೊಸ ಲೆಕ್ಕದಲ್ಲಿ ಲಾಭ 60 ಲಕ್ಷ, ತೆರಿಗೆ 7.5 ಲಕ್ಷ. ಮಾಲೀಕರು ನಿವಾಸಿಯಾಗಿದ್ದರೆ ಕಟ್ಟಬೇಕಾದ್ದು 4.96 ಲಕ್ಷ ಮಾತ್ರ. ಅದೇ ಫ್ಲ್ಯಾಟು ಒಂದೂವರೆ ಕೋಟಿಗೆ ಹೋದರೆ ಚಿತ್ರ ಬದಲಾಗುತ್ತದೆ: ಹಳೆಯ ಲೆಕ್ಕ 14.96 ಲಕ್ಷ, ಹೊಸ ಲೆಕ್ಕ 13.75 ಲಕ್ಷ. ಅಂದರೆ ಬೆಲೆ ನಿಧಾನವಾಗಿ ಏರಿದ ಆಸ್ತಿಗೆ ಸೂಚ್ಯಂಕ ಆಸರೆ, ಜೋರಾಗಿ ಏರಿದ್ದಕ್ಕೆ ಹೊಸ ದರವೇ ಅನುಕೂಲ.

ಎರಡೂ ಸಮವಾಗುವ ಬೆಲೆಯನ್ನು ಮನೆಯಲ್ಲೇ ಕುಳಿತು ಕಂಡುಕೊಳ್ಳಬಹುದು. ಮಾರುವ ವರ್ಷದ ಸೂಚ್ಯಂಕವನ್ನು ಕೊಂಡ ವರ್ಷದ ಸೂಚ್ಯಂಕದಿಂದ ಭಾಗಿಸಿ, ಬಂದದ್ದನ್ನು 0.2ರಿಂದ ಗುಣಿಸಿ, ಅದರಲ್ಲಿ 0.125 ಕಳೆದು, ಉಳಿದದ್ದನ್ನು 0.075ರಿಂದ ಭಾಗಿಸಿ. ಬರುವ ಸಂಖ್ಯೆಯು ಕೊಂಡ ಬೆಲೆಯ ಎಷ್ಟು ಪಟ್ಟಿಗೆ ಮಾರಿದರೆ ಎರಡೂ ಪದ್ಧತಿ ಒಂದೇ ಆಗುತ್ತವೆ ಎಂಬುದನ್ನು ಹೇಳುತ್ತದೆ. 2025-26ರ ಮಾರಾಟಕ್ಕೆ ಈ ಸಂಖ್ಯೆ, 2005-06ರಲ್ಲಿ ಸೂಚ್ಯಂಕ 117 ಇದ್ದಾಗ ಕೊಂಡ ಮನೆಗೆ ಸುಮಾರು 6.9, 2012-13ರ ಮನೆಗೆ ಸುಮಾರು 3.35, ಸೂಚ್ಯಂಕ 280 ಇದ್ದ 2018-19ರ ಮನೆಗೆ ಸುಮಾರು 1.9. ನಿಮ್ಮ ಬೆಲೆ ಇದಕ್ಕಿಂತ ಕೆಳಗಿದ್ದರೆ ಹಳೆಯ ಲೆಕ್ಕ, ಮೇಲಿದ್ದರೆ ಹೊಸದು.

ಈ ರಕ್ಷಣೆಯಲ್ಲಿ ಒಂದು ಕೊರತೆಯಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. 2013-14ರಲ್ಲಿ 50 ಲಕ್ಷಕ್ಕೆ ಕೊಂಡ ಮನೆ 80 ಲಕ್ಷಕ್ಕೆ ಹೋಯಿತೆನ್ನಿ. ಆ ವರ್ಷದ ಸೂಚ್ಯಂಕ 220 ಆಗಿರುವುದರಿಂದ ಹಿಗ್ಗಿದ ಬೆಲೆ 85.45 ಲಕ್ಷವಾಗಿ, ಹಳೆಯ ಲೆಕ್ಕದಲ್ಲಿ 5.45 ಲಕ್ಷ ನಷ್ಟ ಕಾಣುತ್ತದೆ. ತೆರಿಗೆಯೇನೋ ಸೊನ್ನೆಯಾಗುತ್ತದೆ. ಆದರೆ ಈಗ ಕಾಯ್ದೆಯ ಮುಖ್ಯ ಲೆಕ್ಕ ಸೂಚ್ಯಂಕವಿಲ್ಲದ್ದೇ ಆಗಿರುವುದರಿಂದ, ಆ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ದು ಇನ್ನೊಂದು ಆಸ್ತಿಯ ಲಾಭದಲ್ಲಿ ಕಳೆದುಕೊಳ್ಳಲು ಬರುವುದಿಲ್ಲ. ಎರಡು ಮೂರು ಸೈಟುಗಳನ್ನು ಸರದಿಯಂತೆ ಮಾರುವ ಯೋಜನೆಯುಳ್ಳವರು ಇದನ್ನು ಮೊದಲೇ ತಿಳಿದಿರಬೇಕು.

2024ರ ಜುಲೈ 23ರಂದು ಅಥವಾ ಆಮೇಲೆ ಕೊಂಡ ಮನೆಗಳಿಗೆ ಶೇ. 12.5 ಒಂದೇ ದಾರಿ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಆಸ್ತಿಗಳಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆಯೆಂದು ಹಿಡಿಯುವ ಅವಕಾಶ ಈಗಲೂ ಇದೆ, ಆದರೆ ಅದು ಅಂದಿನ ಸರ್ಕಾರಿ ಮಾರ್ಗಸೂಚಿ ದರವನ್ನು ಮೀರುವಂತಿಲ್ಲ. ಅಪ್ಪ ಅಥವಾ ಅಜ್ಜನಿಂದ ಬಂದ ಮನೆಯಾದರೆ ಅವರು ಕೊಟ್ಟ ಬೆಲೆಯೇ ನಿಮ್ಮ ಬೆಲೆ. ಹಾಗಾಗಿ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಹಳೆಯ ಮನೆಯನ್ನು ಮಾರುವ ಮುನ್ನ ನೋಂದಾಯಿತ ಮೌಲ್ಯಮಾಪಕರಿಂದ 2001ರ ಮೌಲ್ಯದ ವರದಿ ಮಾಡಿಸಿಕೊಳ್ಳುವುದು ಲೇಸು.

ಕೊಂಡ ಬೆಲೆಗೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಬಿಲ್ ಇರುವ ಸುಧಾರಣೆಯ ಖರ್ಚು ಸೇರಿಸಬಹುದು. ಸಾಲದ ಬಡ್ಡಿಯ ವಿಷಯದಲ್ಲಿ ಮಾತ್ರ 2023ರ ಹಣಕಾಸು ಕಾಯ್ದೆ ಬಾಗಿಲು ಹಾಕಿತು: ಬಾಡಿಗೆ ಆದಾಯದಲ್ಲಿ ಒಮ್ಮೆ ಕಳೆದುಕೊಂಡ ಬಡ್ಡಿಯನ್ನು ಮಾರುವಾಗ ಮತ್ತೆ ಕೊಂಡ ಬೆಲೆಗೆ ಸೇರಿಸುವಂತಿಲ್ಲ.

ಬಾಡಿಗೆ ಮತ್ತು ಸಾಲದ ಬಡ್ಡಿ: ಹಳೆಯ ಆಕರ್ಷಣೆ ಉಳಿದಿದೆಯೇ?

‘ತೆರಿಗೆ ಉಳಿಯುತ್ತದೆ, ಸಾಲ ಮಾಡಿ ಇನ್ನೊಂದು ಮನೆ ತಗೊಳ್ಳಿ’ ಎಂಬ ಸಲಹೆ ಒಂದು ಕಾಲಕ್ಕೆ ಸುಳ್ಳಾಗಿರಲಿಲ್ಲ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನು ಮಿತಿಯಿಲ್ಲದೆ ಕಳೆದು, ಉಂಟಾದ ನಷ್ಟವನ್ನೆಲ್ಲ ಸಂಬಳದ ಆದಾಯದಿಂದ ತಗ್ಗಿಸಿಕೊಳ್ಳಬಹುದಾಗಿತ್ತು. 2017ರಲ್ಲಿ ಈ ತಗ್ಗಿಸುವಿಕೆಗೆ ವರ್ಷಕ್ಕೆ 2 ಲಕ್ಷದ ಮಿತಿ ಬಿತ್ತು. 2023-24ರಿಂದ, ದರವೂ ಕಡಿಮೆ ಕಡಿತಗಳೂ ಕಡಿಮೆಯಿರುವ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುವ ಪದ್ಧತಿಯಾಯಿತು, ಅದರಲ್ಲಿ ಮನೆಯ ನಷ್ಟವನ್ನು ಸಂಬಳದಂಥ ಬೇರೆ ಆದಾಯದಲ್ಲಿ ಕಳೆಯುವುದಕ್ಕೆ ಅವಕಾಶವೇ ಇಲ್ಲ. ಸ್ವಂತ ವಾಸದ ಮನೆಯ ಬಡ್ಡಿಗೂ ಅಲ್ಲಿ ಕಡಿತವಿಲ್ಲ.

ತಿಂಗಳಿಗೆ 25,000 ರೂಪಾಯಿ ಬಾಡಿಗೆ ಬರುವ ಮನೆಯನ್ನು ತೆಗೆದುಕೊಳ್ಳೋಣ. ವರ್ಷಕ್ಕೆ 3 ಲಕ್ಷ, ಅದರಲ್ಲಿ ನೀವು ಕಟ್ಟಿದ ಮನೆ ಕಂದಾಯ 10,000 ಕಳೆದರೆ 2.9 ಲಕ್ಷ. ರಿಪೇರಿಗೆ ಖರ್ಚು ಮಾಡಿರಲಿ, ಬಿಡಲಿ, ಇದರ ಶೇ. 30ರಷ್ಟು, ಅಂದರೆ 87,000 ರೂಪಾಯಿ, ಕಡಿತವಾಗಿ ಸಿಗುತ್ತದೆ. ಉಳಿದ 2.03 ಲಕ್ಷದ ಎದುರು ಬ್ಯಾಂಕಿಗೆ ಕಟ್ಟಿದ ಬಡ್ಡಿ 5 ಲಕ್ಷವಾದರೆ ನಷ್ಟ 2.97 ಲಕ್ಷ. ಹಳೆಯ ಪದ್ಧತಿಯಲ್ಲಿರುವವರು ಇದರಲ್ಲಿ 2 ಲಕ್ಷವನ್ನು ಸಂಬಳದಿಂದ ಕಳೆದು, ಉಳಿದ 97,000 ರೂಪಾಯಿಯನ್ನು ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಅವರು ಶೇ. 30ರ ಸ್ಲ್ಯಾಬಿನಲ್ಲಿದ್ದರೆ ಆ ವರ್ಷದ ಉಳಿತಾಯ ಸೆಸ್ ಸೇರಿ 62,400 ರೂಪಾಯಿ. ಹೊಸ ಪದ್ಧತಿಯಲ್ಲಿರುವವರಿಗೆ ಬಾಡಿಗೆಯ ಮೇಲೆ ತೆರಿಗೆ ಬೀಳುವುದಿಲ್ಲ ಎಂಬಷ್ಟೇ ಲಾಭ, ಸಂಬಳದ ತೆರಿಗೆ ಒಂದು ರೂಪಾಯಿಯೂ ತಗ್ಗುವುದಿಲ್ಲ.

ಹಾಗೆಂದು 62,400 ರೂಪಾಯಿಗಾಗಿ ಹಳೆಯ ಪದ್ಧತಿಗೆ ಜೋತುಬೀಳಬೇಕಿಲ್ಲ, ಏಕೆಂದರೆ ಹೊಸ ಪದ್ಧತಿಯ ಸ್ಲ್ಯಾಬುಗಳು ಕಡಿಮೆಯಾಗಿರುವುದರಿಂದ ಒಟ್ಟು ತೆರಿಗೆ ಅಲ್ಲಿಯೇ ಕಡಿಮೆ ಬರಬಹುದು. ಸಂಬಳದಾರರು ಪ್ರತಿ ವರ್ಷ ರಿಟರ್ನ್ ಸಲ್ಲಿಸುವಾಗ ಪದ್ಧತಿಯನ್ನು ಆರಿಸಿಕೊಳ್ಳಬಹುದಾದ್ದರಿಂದ ಎರಡೂ ರೀತಿಯಲ್ಲಿ ಪೂರ್ತಿ ಲೆಕ್ಕ ಹಾಕಿ ನೋಡಬೇಕು. ವ್ಯಾಪಾರ ಅಥವಾ ವೃತ್ತಿಯ ಆದಾಯವುಳ್ಳವರಿಗೆ ಹೀಗೆ ವರ್ಷವರ್ಷವೂ ಅತ್ತಿತ್ತ ಹೋಗುವ ಸ್ವಾತಂತ್ರ್ಯವಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇಂದು ಬಡ್ಡಿಯ ಕಡಿತವನ್ನೇ ನೆಚ್ಚಿಕೊಂಡು ಎರಡನೆಯ ಮನೆ ಕೊಳ್ಳಲು ಕಾರಣ ಉಳಿದಿಲ್ಲ. ಬಾಡಿಗೆಯೂ ಬೆಲೆ ಏರಿಕೆಯೂ ಸೇರಿ ಸಾಲದ ಖರ್ಚನ್ನು ಹೊರುವಂತಿದ್ದರೆ ಕೊಳ್ಳಬಹುದು, ಇಲ್ಲದಿದ್ದರೆ ತೆರಿಗೆ ಇಲಾಖೆ ಆ ಕೊರತೆಯನ್ನು ತುಂಬಿಕೊಡುವುದಿಲ್ಲ.

ಖಾಲಿ ಬಿಟ್ಟ ಮನೆಗಳ ವಿಷಯದಲ್ಲಿ ನಿಯಮ ಸಡಿಲವಾಗಿದೆ. 2019-20ರಿಂದ ಎರಡು ಮನೆಗಳನ್ನು ಸ್ವಂತ ವಾಸದವೆಂದು ತೋರಿಸಬಹುದಾಗಿದ್ದು, 2025ರ ಬಜೆಟ್ ಅದಕ್ಕಿದ್ದ ಷರತ್ತುಗಳನ್ನೂ ತೆಗೆದುಹಾಕಿತು. ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿದ್ದು ಧಾರವಾಡದಲ್ಲೊಂದು ಮನೆ ಇಟ್ಟುಕೊಂಡವರು ಕಾರಣ ಹೇಳದೆ ಎರಡರ ವಾರ್ಷಿಕ ಮೌಲ್ಯವನ್ನೂ (ತೆರಿಗೆಗಾಗಿ ಲೆಕ್ಕ ಹಿಡಿಯುವ ಬಾಡಿಗೆ) ಸೊನ್ನೆಯೆಂದು ತೋರಿಸಬಹುದು. ಮೂರನೆಯ ಮನೆ ಖಾಲಿಯಿದ್ದರೂ ಬಾಡಿಗೆಗೆ ಕೊಟ್ಟಂತೆಯೇ ಲೆಕ್ಕ, ಬರಬಹುದಾಗಿದ್ದ ಬಾಡಿಗೆಗೆ ತೆರಿಗೆ. ಬೆಂಗಳೂರಿನಲ್ಲಿ ರೂಢಿಯಲ್ಲಿರುವಂತೆ ದೊಡ್ಡ ಮೊತ್ತ ಮುಂಗಡ ಪಡೆದು ಬಾಡಿಗೆಯಿಲ್ಲದೆ ಮನೆಯನ್ನು ಲೀಸಿಗೆ ಕೊಟ್ಟವರೂ ಆದಾಯವೇ ಇಲ್ಲವೆಂದು ಭಾವಿಸಬಾರದು, ಅಲ್ಲಿಯೂ ಆ ಮನೆಗೆ ನ್ಯಾಯವಾಗಿ ಬರಬಹುದಾದ ಬಾಡಿಗೆಯೇ ಮಾನದಂಡ.

ವಾಸದ ಮನೆಯ ಬಾಡಿಗೆಯನ್ನು ವ್ಯಾಪಾರದ ಆದಾಯವೆಂದು ತೋರಿಸಿ ಸವಕಳಿ, ಸಿಬ್ಬಂದಿಯ ಸಂಬಳ ಇತ್ಯಾದಿ ಕಳೆಯುತ್ತಿದ್ದವರಿಗೆ 2024-25ರಿಂದ ಆ ದಾರಿ ಮುಚ್ಚಿದೆ. ಅದು ಈಗ ‘ಮನೆ ಆಸ್ತಿಯಿಂದ ಬಂದ ಆದಾಯ’ವೇ.

ಕರ್ನಾಟಕದಲ್ಲಿ ಕೊಳ್ಳುವಾಗ

2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ನಗರ ಪ್ರದೇಶದ 80 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ ಶೇ. 5ರಂತೆ 4 ಲಕ್ಷ, ಅದರ ಮೇಲೆ ಶೇ. 10 ಸೆಸ್ 40,000, ಶೇ. 2 ಸರ್ಚಾರ್ಜ್ 8,000, ನೋಂದಣಿ ಶುಲ್ಕ 1.6 ಲಕ್ಷ. ಒಟ್ಟು 6.08 ಲಕ್ಷ, ಮೊದಲು ಇದು 5.28 ಲಕ್ಷವಿತ್ತು. ಕಡಿಮೆ ಅವಧಿಯಲ್ಲಿ ಕೊಂಡು ಮಾರುವವರಿಗೆ ಈ ಶೇ. 7.6 ಮೊದಲ ಹೊರೆ. ಬೆಲೆ ಅಷ್ಟು ಏರುವವರೆಗೆ ಲಾಭದ ಮಾತೇ ಇಲ್ಲ. ಕಟ್ಟಡ ಪೂರ್ಣಗೊಳ್ಳುವ ಮುನ್ನ ಬಿಲ್ಡರಿಂದ ಕೊಂಡರೆ ಶೇ. 5 ಜಿ.ಎಸ್.ಟಿ., ಕೈಗೆಟಕುವ ದರದ ಮನೆಗಳ ವರ್ಗಕ್ಕೆ ಶೇ. 1. ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿ.ಎಸ್.ಟಿ. ಇಲ್ಲ.

2023ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ದರಗಳು ಪರಿಷ್ಕರಣೆಯಾದ ಮೇಲೆ ಕೆಲವು ಬಡಾವಣೆಗಳಲ್ಲಿ ಮಾತಾದ ಬೆಲೆಗಿಂತ ಸರ್ಕಾರಿ ದರವೇ ಹೆಚ್ಚಿರುವ ಸಂದರ್ಭ ಬರಬಹುದು. ಶೇ. 10ರವರೆಗಿನ ಅಂತರವನ್ನು ಆದಾಯ ತೆರಿಗೆ ಕಾಯ್ದೆ ಮನ್ನಿಸುತ್ತದೆ. ಅದನ್ನು ದಾಟಿದರೆ ಇಬ್ಬರಿಗೂ ಪೆಟ್ಟು. ಕ್ರಯಪತ್ರದಲ್ಲಿ 80 ಲಕ್ಷ, ಮಾರ್ಗಸೂಚಿಯಲ್ಲಿ 90 ಲಕ್ಷವಿದ್ದರೆ, ಮಾರಿದವರಿಗೆ 90 ಲಕ್ಷ ಬಂದಂತೆ ಲೆಕ್ಕವಾಗಿ ಬಂಡವಾಳ ಲಾಭ ಹೆಚ್ಚುತ್ತದೆ. ಕೊಂಡವರಿಗೆ 10 ಲಕ್ಷ ‘ಇತರ ಮೂಲದ ಆದಾಯ’ವಾಗಿ ಸ್ಲ್ಯಾಬ್ ದರದಲ್ಲಿ ತೆರಿಗೆ ಬೀಳುತ್ತದೆ. ಒಪ್ಪಂದಕ್ಕೆ ಮುನ್ನ ಸಬ್ ರಿಜಿಸ್ಟ್ರಾರ್ ಕಚೇರಿಯ ದರವನ್ನು ನೋಡಿಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು. ಮುಂಗಡವೆಂದು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದೆಂಬುದನ್ನೂ ಮಾರುವವರು ಮರೆಯಬಾರದು.

ಲಾಭವನ್ನು ಮತ್ತೆ ಹೂಡುವುದಾದರೆ

ಮನೆ ಮಾರಿದ ದೀರ್ಘಾವಧಿ ಲಾಭವನ್ನು ಭಾರತದಲ್ಲೇ ಇನ್ನೊಂದು ಮನೆಗೆ ಹಾಕಿದರೆ ಸೆಕ್ಷನ್ 54ರಡಿ ವಿನಾಯಿತಿ ಇದೆ. ಮಾರಾಟದ ಹಿಂದಿನ ಒಂದು ವರ್ಷದಲ್ಲಿ ಅಥವಾ ಮುಂದಿನ ಎರಡು ವರ್ಷದಲ್ಲಿ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷ. ಲಾಭ 2 ಕೋಟಿಯೊಳಗಿದ್ದರೆ ಜೀವನದಲ್ಲಿ ಒಂದು ಬಾರಿ ಎರಡು ಮನೆಗಳಿಗೆ ಹಂಚಬಹುದು. ಸೈಟು ಮಾರಿದವರಿಗೆ ಅನ್ವಯಿಸುವುದು ಸೆಕ್ಷನ್ 54ಎಫ್. ಅಲ್ಲಿ ಲಾಭವನ್ನಷ್ಟೇ ಅಲ್ಲ, ಮಾರಿ ಬಂದ ಪೂರ್ತಿ ಹಣವನ್ನು ಹೂಡಿದರೆ ಮಾತ್ರ ಪೂರ್ತಿ ವಿನಾಯಿತಿ, ಜೊತೆಗೆ ಮಾರುವ ದಿನ ಒಂದಕ್ಕಿಂತ ಹೆಚ್ಚು ಮನೆ ಹೆಸರಿನಲ್ಲಿರಬಾರದು. ಹೂಡಿಕೆಗೆಂದು ಎರಡು ಮೂರು ಫ್ಲ್ಯಾಟು ಇಟ್ಟುಕೊಂಡವರು ಎಡವುವುದು ಇಲ್ಲಿಯೇ. 2023-24ರಿಂದ ಈ ಎರಡೂ ವಿನಾಯಿತಿಗಳಿಗೆ 10 ಕೋಟಿಯ ಮೇಲ್ಮಿತಿ ಬಂದಿದೆ.

ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಹೊಸ ಮನೆ ಸಿಗದಿದ್ದರೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆ ಯೋಜನೆಯಲ್ಲಿಡಬೇಕು. ಉಳಿತಾಯ ಖಾತೆಯಲ್ಲಿ ಬಿಟ್ಟ ಹಣ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ವಿನಾಯಿತಿ ಹಿಂದಕ್ಕೆ ಹೋಗುತ್ತದೆ. ಮನೆಯೇ ಬೇಡವೆನ್ನುವವರು ಆರು ತಿಂಗಳೊಳಗೆ 50 ಲಕ್ಷದವರೆಗೆ ಸೆಕ್ಷನ್ 54ಇಸಿ ಬಾಂಡುಗಳಲ್ಲಿ (ಸರ್ಕಾರ ಸೂಚಿಸಿದ ಸಂಸ್ಥೆಗಳು ಹೊರಡಿಸುವ ಬಾಂಡುಗಳು) ಐದು ವರ್ಷಕ್ಕೆ ಇಡಬಹುದು.

ಹೊರದೇಶದಲ್ಲಿರುವವರು

ದುಬೈನಲ್ಲೋ ಅಮೆರಿಕದಲ್ಲೋ ಇದ್ದು ಬೆಂಗಳೂರಿನಲ್ಲಿ ಫ್ಲ್ಯಾಟ್ ಇಟ್ಟುಕೊಂಡ ಕನ್ನಡಿಗರಿಗೆ 2024ರ ಬದಲಾವಣೆ ಹೆಚ್ಚು ಬಿಸಿ ಮುಟ್ಟಿಸಿದೆ. ಮೇಲಿನ ಒಂದು ಕೋಟಿಯ ಉದಾಹರಣೆಯಲ್ಲಿ ನಿವಾಸಿಗೆ 4.96 ಲಕ್ಷವಾದರೆ ಅನಿವಾಸಿಗೆ 7.5 ಲಕ್ಷ. ಇಲ್ಲಿ ನೋಡುವುದು ಮಾರಿದ ವರ್ಷದ ನಿವಾಸ ಸ್ಥಿತಿಯನ್ನು. ಹೀಗಾಗಿ ಊರಿಗೆ ಮರಳುವ ಯೋಚನೆಯಿದ್ದರೆ ನಿವಾಸಿ ಸ್ಥಿತಿ ದೊರೆತ ವರ್ಷಕ್ಕೆ ಮಾರಾಟವನ್ನು ಮುಂದೂಡುವುದು ಯೋಗ್ಯವೇ ಎಂದು ಲೆಕ್ಕ ಹಾಕಬೇಕು.

ಅನಿವಾಸಿಯಿಂದ ಕೊಳ್ಳುವವರು ನಿವಾಸಿಗಳಿಂದ ಕೊಳ್ಳುವಾಗ ಇರುವ 50 ಲಕ್ಷದ ಮಿತಿಯ ನೆವ ಹೇಳದೆ ಟಿ.ಡಿ.ಎಸ್. (ಹಣ ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಲೇಬೇಕು, ದರವೂ ಶೇ. 1 ಅಲ್ಲ, 12.5ರ ಜೊತೆಗೆ ಸರ್ಚಾರ್ಜ್ ಮತ್ತು ಸೆಸ್. ಲಾಭ ಎಷ್ಟೆಂದು ಖರೀದಿದಾರರಿಗೆ ಗೊತ್ತಾಗದ ಕಾರಣ ಅನೇಕರು ಪೂರ್ತಿ ಬೆಲೆಯ ಮೇಲೆಯೇ ಹಿಡಿಯುತ್ತಾರೆ. ಮಾರುವವರು ಮೊದಲೇ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಪಡೆದಿದ್ದರೆ ರಿಫಂಡಿಗಾಗಿ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರೂ, ಬಾಡಿಗೆ ಎಷ್ಟೇ ಇರಲಿ, ಸೆಸ್ ಸೇರಿ ಶೇ. 31.2 ಹಿಡಿದು ಕಟ್ಟಬೇಕಾಗುತ್ತದೆ.

ಟಿ.ಡಿ.ಎಸ್. ಮತ್ತು ಮುಂಗಡ ತೆರಿಗೆ

ನಿವಾಸಿಯಿಂದ 50 ಲಕ್ಷ ಅಥವಾ ಹೆಚ್ಚಿನ ಬೆಲೆಗೆ ಕೊಂಡರೆ ಶೇ. 1 ಹಿಡಿಯಬೇಕೆಂಬ ನಿಯಮ ಹಳೆಯದು. ಅಣ್ಣ ತಮ್ಮಂದಿರಿಬ್ಬರಿಂದ 80 ಲಕ್ಷಕ್ಕೆ ಕೊಂಡಾಗ ತಲಾ 40 ಲಕ್ಷವಾಯಿತೆಂದು ಕೆಲವರು ಇದನ್ನು ಕೈಬಿಡುತ್ತಿದ್ದರು. 2024ರ ಅಕ್ಟೋಬರ್ 1ರಿಂದ ಎಲ್ಲ ಮಾರುವವರ, ಎಲ್ಲ ಕೊಳ್ಳುವವರ ಪಾಲನ್ನೂ ಕೂಡಿಸಿಯೇ ನೋಡಬೇಕು. ಈ ವ್ಯವಹಾರದಲ್ಲಿ 80,000 ರೂಪಾಯಿ ಹಿಡಿದು, ಹಿಡಿದ ತಿಂಗಳು ಮುಗಿದ 30 ದಿನದೊಳಗೆ ಕಟ್ಟಬೇಕು. ತಿಂಗಳ ಬಾಡಿಗೆ 50,000 ಮೀರಿದರೆ ಬಾಡಿಗೆದಾರರು ಹಿಡಿಯುವ ದರ ಅದೇ ದಿನದಿಂದ ಶೇ. 5ರಿಂದ 2ಕ್ಕೆ ಇಳಿದಿದೆ.

ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯಿಲ್ಲ ಎಂಬ ಮಾತನ್ನು ಬಂಡವಾಳ ಲಾಭಕ್ಕೆ ಅನ್ವಯಿಸಿಕೊಳ್ಳಬಾರದು. ಆ ರಿಯಾಯಿತಿ ಶೇ. 12.5ರಂಥ ವಿಶೇಷ ದರದ ಆದಾಯಕ್ಕೆ ಸಿಗುವುದಿಲ್ಲ. ಬೇರೆ ಆದಾಯ ಕಡಿಮೆಯಿರುವ ನಿವಾಸಿಗಳು 4 ಲಕ್ಷದ ಮೂಲ ವಿನಾಯಿತಿಯಲ್ಲಿ ಬಳಕೆಯಾಗದೆ ಉಳಿದದ್ದನ್ನು ಮಾತ್ರ ಲಾಭದ ಎದುರು ಹೊಂದಿಸಿಕೊಳ್ಳಬಹುದು.

ಮಾರಾಟವಾದ ಮೇಲೆ ರಿಟರ್ನ್ ಸಲ್ಲಿಸುವ ಜುಲೈವರೆಗೆ ಕಾಯುವವರು ಬಡ್ಡಿ ತೆರಬೇಕಾದೀತು. ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ 15ರ ಮುಂಗಡ ತೆರಿಗೆ ಕಂತುಗಳಲ್ಲಿ, ಮಾರಾಟದ ನಂತರ ಬರುವ ಕಂತುಗಳಿಂದಲೇ ಲಾಭದ ತೆರಿಗೆಯನ್ನು ಸೇರಿಸಿ ಕಟ್ಟಬೇಕು. ಮಾರ್ಚ್ 15 ದಾಟಿದ ಮೇಲೆ ನೋಂದಣಿಯಾಗಿದ್ದರೆ ಮಾರ್ಚ್ 31ರೊಳಗೆ ಪೂರ್ತಿ ಕಟ್ಟಿದರಾಯಿತು.